ಬಿಟ್ಟ ದಾರಿಗಳ ಲೆಕ್ಕ

(ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಕೊನೆಯ ಪ್ರಶ್ನೋತ್ತರದ ಒಂದು ಭಾಗವನ್ನು ಉಳಿಸಿಕೊಂಡಿದ್ದೇನೆ. ಇಲ್ಲಿ ಬರುವ ಮನೆಗಳ ವಿವರಗಳನ್ನು ಯಾರ ಗುರುತೂ ಸಿಗದ ಹಾಗೆ ಬದಲಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಮನೆಯಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿದರೆ ಕಾಯಿಲೆ ಏನೆಂದು ತಿಳಿಯುವ ಮೊದಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಎಲ್ಲಿಗೆ ಕರೆದುಕೊಂಡು ಹೋಗುವುದು? ಇಲ್ಲೇ ಸೇರಿಸುವುದೋ, ಮೈಸೂರೋ, ಬೆಂಗಳೂರೋ, ಘಾಟಿ ಇಳಿದು ಮಂಗಳೂರೋ? ಮಳೆಗಾಲವಾದರೆ ಶಿರಾಡಿಯಲ್ಲಿ ಗುಡ್ಡ ಕುಸಿದಿದೆಯೇ ಎಂದು ಸಕಲೇಶಪುರದವರಿಗೆ ಫೋನ್ ಮಾಡಿ ಕೇಳಬೇಕು. ಅಷ್ಟರಲ್ಲಿ ಭಾವಮೈದುನ ಒಂದು ಆಸ್ಪತ್ರೆಯ ಹೆಸರು ಹೇಳುತ್ತಾನೆ, ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಹತ್ತು ನಿಮಿಷದೊಳಗೆ ಯಾರೋ ಒಬ್ಬರು ತೀರ್ಮಾನ ಮಾಡುತ್ತಾರೆ, ಗಾಡಿ ಹೊರಡುತ್ತದೆ. ರೋಗಿ ಉಳಿದರೆ ಆ ಹತ್ತು ನಿಮಿಷ ಯಾರಿಗೂ ನೆನಪಿರುವುದಿಲ್ಲ. ಉಳಿಯದಿದ್ದರೆ, ತೀರ್ಮಾನ ಮಾಡಿದವರು ಆ ಹತ್ತು ನಿಮಿಷದೊಳಗೇ ವರ್ಷಗಟ್ಟಲೆ ವಾಸ ಮಾಡುತ್ತಾರೆ. ಮಂಗಳೂರಿಗೆ ಹೋದವರಿಗೆ ಬೆಂಗಳೂರಿಗೆ ಹೋಗಬೇಕಿತ್ತು ಎನ್ನಿಸುತ್ತದೆ. ಬೆಂಗಳೂರಿಗೆ ಹೋದವರಿಗೆ ನೆಲಮಂಗಲದ ಹತ್ತಿರ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡ ಹೊತ್ತು ಕಣ್ಣ ಮುಂದೆ ಬರುತ್ತದೆ. ಇಲ್ಲೇ ಸೇರಿಸಿದವರಿಗಂತೂ ಬಿಟ್ಟ ದಾರಿಗಳೆಲ್ಲ ಜೀವ ಉಳಿಸುವ ದಾರಿಗಳಾಗಿಯೇ ಕಾಣುತ್ತವೆ.

ಈ ಲೆಕ್ಕಾಚಾರದ ಬಗ್ಗೆಯೇ ಇಂದಿನ ಮಾತು. ದುಃಖವನ್ನು ಕುರಿತ ಪುಸ್ತಕಗಳು ಇದನ್ನು ಚೌಕಾಸಿ ಎನ್ನುತ್ತವೆ. ಸಂತೆಯಲ್ಲಿ ಚೌಕಾಸಿ ಮಾಡುವವನ ಎದುರಿಗೆ ವ್ಯಾಪಾರಿಯಾದರೂ ಇರುತ್ತಾನೆ. ಗಿಟ್ಟುವುದಿಲ್ಲ ಎಂದು ತಲೆಯಾಡಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಸಾವಿನ ನಂತರದ ಚೌಕಾಸಿಯಲ್ಲಿ ಎದುರಿಗೆ ಯಾರೂ ಇಲ್ಲ. ಇಲ್ಲವೆನ್ನುವವರು ಇಲ್ಲದ್ದರಿಂದ ಅದು ಮುಗಿಯುವುದೂ ಇಲ್ಲ. ದುಃಖದಲ್ಲಿರುವವರ ಜೊತೆ ಕುಳಿತು ಮಾತನಾಡುವ ಈ ಕೆಲಸದಲ್ಲಿ ನನಗೆ ಖಚಿತವಾದದ್ದು ಇಷ್ಟು: ಈ ಚೌಕಾಸಿಯನ್ನು ತರ್ಕದಿಂದ ಸೋಲಿಸಲು ಆಗುವುದಿಲ್ಲ, ಸೋಲಿಸಬೇಕಾಗಿಯೂ ಇಲ್ಲ. ಆದರೆ ಅದು ಒಬ್ಬರ ತಲೆಯೊಳಗೆ ಗುಟ್ಟಾಗಿ ನಡೆಯಲು ಬಿಡಬಾರದು.

ಚೌಕಾಸಿ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1969ರಲ್ಲಿ. ಎಲಿಸಬೆತ್ ಕ್ಯೂಬ್ಲರ್-ರಾಸ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೋದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯೆ. ಆ ಕಾಲದಲ್ಲಿ ಅಲ್ಲಿನ ಬಹಳಷ್ಟು ವೈದ್ಯರು ರೋಗಿಗೆ ಸಾವು ಹತ್ತಿರವಿದೆ ಎಂದು ಹೇಳುತ್ತಿರಲಿಲ್ಲ. ನಮ್ಮಲ್ಲಿ ಇಂದಿಗೂ ಮನೆಯವರನ್ನು ವಾರ್ಡಿನ ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳುತ್ತಾರಲ್ಲ, ಹಾಗೆ. ಕ್ಯೂಬ್ಲರ್-ರಾಸ್ ನೇರವಾಗಿ ರೋಗಿಗಳನ್ನೇ ಮಾತನಾಡಿಸಿದರು, ಕೇಳಿದ್ದನ್ನು ಪುಸ್ತಕ ಮಾಡಿದರು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳು ಬಂದದ್ದು ಅಲ್ಲಿಂದ. ಚೌಕಾಸಿಗೆ ಅವರು ಕೊಟ್ಟ ಒಂದು ಉದಾಹರಣೆ ನನಗೆ ಬಹಳ ಇಷ್ಟ. ತೀವ್ರ ನೋವಿನಲ್ಲಿದ್ದ ಒಬ್ಬ ತಾಯಿ ಮಗನ ಮದುವೆ ನೋಡುವಷ್ಟು ದಿನ ಸಿಕ್ಕರೆ ಸಾಕು ಎಂದು ಬೇಡಿಕೊಂಡಳು. ಆಸ್ಪತ್ರೆಯವರು ನೋವು ತಡೆದುಕೊಳ್ಳುವ ಉಪಾಯ ಕಲಿಸಿದರು, ಆಕೆ ಸಿಂಗರಿಸಿಕೊಂಡು ಮದುವೆಗೆ ಹೋಗಿ ಬಂದಳು. ಸುಸ್ತಾಗಿ ವಾರ್ಡಿಗೆ ಹಿಂತಿರುಗಿದವಳು ವೈದ್ಯೆಯನ್ನು ಕಂಡೊಡನೆ ಹೇಳಿದ್ದು, ನನಗೆ ಇನ್ನೊಬ್ಬ ಮಗನಿದ್ದಾನೆ, ಮರೆಯಬೇಡಿ ಎಂದು.

ಒಂದು ವಿಷಯವನ್ನು ಗಮನಿಸಬೇಕು. ಆ ಐದು ಹಂತಗಳನ್ನು ಕಂಡದ್ದು ಸಾಯುತ್ತಿರುವವರಲ್ಲಿ. ಸತ್ತವರ ಹಿಂದೆ ಉಳಿದವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ಕ್ಯೂಬ್ಲರ್-ರಾಸ್ 2004ರಲ್ಲಿ ತೀರಿಕೊಂಡ ನಂತರ, 2005ರಲ್ಲಿ ಅವರ ಮತ್ತು ಡೇವಿಡ್ ಕೆಸ್ಲರ್ ಅವರ ಹೆಸರಿನಲ್ಲಿ ಬಂದ ಪುಸ್ತಕ ಪೂರ್ತಿ ಉಳಿದವರ ದುಃಖದ ಬಗ್ಗೆಯೇ ಇತ್ತು. ಹಂತ ಎಂದರೆ ಒಂದರ ನಂತರ ಒಂದು ಬರಬೇಕೆಂದಲ್ಲ ಎಂದು ಅಲ್ಲಿ ಹೇಳಿದ್ದರೂ ಜನ ಕೇಳಿಸಿಕೊಳ್ಳಲಿಲ್ಲ. ಮೊಬೈಲಿನಲ್ಲಿ ಐದು ಹಂತಗಳ ಚಿತ್ರ ನೋಡಿಕೊಂಡು ಬಂದು, ನನಗೆ ಸಿಟ್ಟೇ ಬರಲಿಲ್ಲವಲ್ಲ, ಏನಾದರೂ ತಪ್ಪಾಗಿದೆಯೇ ಎಂದು ಕೇಳುವವರಿದ್ದಾರೆ. 2007ರಲ್ಲಿ ಅಮೆರಿಕದ ಸಂಶೋಧಕರು ಆಪ್ತರನ್ನು ಕಳೆದುಕೊಂಡ 233 ಜನರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೋದವರಿಗಾಗಿ ಹಂಬಲಿಸುವುದೇ ಎಲ್ಲ ಸಂಕಟಗಳಿಗಿಂತ ಮೇಲಾಗಿ ಕಂಡಿತು. ಸಾವನ್ನು ಒಪ್ಪಿಕೊಳ್ಳುವ ಭಾವವಂತೂ ಮೊದಲಿನಿಂದಲೇ ಜೊತೆಯಲ್ಲಿತ್ತು. ಆ ಅಧ್ಯಯನ ಚೌಕಾಸಿಯನ್ನು ಅಳೆಯಲೇ ಇಲ್ಲ, ಅದರ ಜಾಗದಲ್ಲಿ ಹಂಬಲವನ್ನು ಇಟ್ಟಿತು. ನನ್ನ ಮಟ್ಟಿಗೆ ಅದು ಸರಿಯೇ. ಚೌಕಾಸಿಯ ಒಳಗೆ ಇರುವುದು ಹಂಬಲವೇ, ಲೆಕ್ಕದ ವೇಷ ಹಾಕಿಕೊಂಡಿದೆ ಅಷ್ಟೇ.

ಸಾಯುತ್ತಿರುವವರ ಚೌಕಾಸಿ ಮುಂದಕ್ಕೆ ನೋಡುತ್ತದೆ: ಇನ್ನೊಂದು ಯುಗಾದಿ, ಇನ್ನೊಂದು ಮದುವೆ. ಉಳಿದವರದ್ದು ಬಹುತೇಕ ಹಿಂದಕ್ಕೆ ತಿರುಗಿರುತ್ತದೆ. ಹಾಗೆ ಮಾಡಿದ್ದರೆ, ಹೀಗೆ ಹೇಳಿದ್ದರೆ, ಅಂದು ಹೊರಡದಿದ್ದರೆ. ಮನಸ್ಸು ಯಾವ ಕೊಂಡಿಯನ್ನು ಹಿಡಿದು ಎಳೆಯುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ 1982ರಲ್ಲಿ ಜನರ ಮುಂದೆ ಒಂದು ಕಥೆ ಇಟ್ಟರು. ಒಬ್ಬ ಮನುಷ್ಯ ಕಚೇರಿಯಿಂದ ಮನೆಗೆ ಹೋಗುವಾಗ ಲಾರಿ ಬಡಿದು ಸಾಯುತ್ತಾನೆ. ಕೆಲವರಿಗೆ, ಅಂದು ಆತ ದಿನದ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದ್ದ ಎಂದು ಹೇಳಿದರು. ಇನ್ನು ಕೆಲವರಿಗೆ, ಅಂದು ಬೇಗ ಹೊರಟಿದ್ದ ಎಂದರು. ಮನೆಯವರು ಏನೆಂದು ಹಲುಬುತ್ತಾರೆ ಎಂದು ಕೇಳಿದಾಗ, ಮೊದಲಿನವರು ದಾರಿಯನ್ನು ಹಿಡಿದುಕೊಂಡರು, ಎರಡನೆಯವರು ಹೊತ್ತನ್ನು ಹಿಡಿದುಕೊಂಡರು. ಅಂದು ಏನು ಮಾಮೂಲಿಗಿಂತ ಬೇರೆಯಾಗಿತ್ತೋ ಅದೇ ಸಾವಿಗೆ ಕಾರಣವಾದಂತೆ ಕಾಣುತ್ತದೆ. ದಿನದ ದಾರಿಯಲ್ಲೇ ಹೋಗಿ ಸತ್ತವರು ಎಷ್ಟು ಜನ ಎಂಬುದು ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ.

1995ರ ಇನ್ನೊಂದು ಅಧ್ಯಯನ ಮನೆಗೆ ಇನ್ನೂ ಹತ್ತಿರದ್ದು. ರಸ್ತೆ ಅಪಘಾತದಲ್ಲಿ ಸಂಗಾತಿಯನ್ನೋ ಮಗುವನ್ನೋ ಕಳೆದುಕೊಂಡವರನ್ನು, ಹಸುಗೂಸನ್ನು ನಿದ್ದೆಯಲ್ಲೇ ಕಳೆದುಕೊಂಡ ತಂದೆ ತಾಯಿಯರನ್ನು ಮಾತನಾಡಿಸಿದರು. ಅವರು ಮನಸ್ಸಿನಲ್ಲಿ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದದ್ದು ಹೆಚ್ಚಾಗಿ ತಮ್ಮದೇ ನಡವಳಿಕೆಯನ್ನು. ತಪ್ಪು ಎದುರಿನ ಗಾಡಿಯವನದ್ದು ಎಂದು ಗೊತ್ತಿದ್ದರೂ, ನಾನು ಒಂದು ನಿಮಿಷ ತಡೆದಿದ್ದರೆ ಎಂದೇ ಹೇಳುತ್ತಿದ್ದರು. ಬೇರೆಯವರ ತಪ್ಪನ್ನು ತಿದ್ದುವುದು ಕಲ್ಪನೆಯಲ್ಲೂ ನಮ್ಮ ಕೈಯಲ್ಲಿಲ್ಲ, ನಮ್ಮದಾದರೆ ತಿದ್ದಬಹುದು. ಹಾಗಾಗಿ, ನನ್ನಿಂದಲೇ ಆಯಿತು ಎನ್ನುವುದರಲ್ಲಿ ನೋವಿನ ಜೊತೆಗೆ ಒಂದು ವಿಚಿತ್ರ ಸಮಾಧಾನವೂ ಇದೆ. ಜಗತ್ತಿನಲ್ಲಿ ಏನು ಬೇಕಾದರೂ ಯಾವಾಗ ಬೇಕಾದರೂ ಆಗಬಹುದು ಎಂದು ಒಪ್ಪುವುದಕ್ಕಿಂತ, ಕೀಲಿ ನನ್ನ ಕೈಯಲ್ಲಿತ್ತು, ನಾನು ಬಳಸಲಿಲ್ಲ ಎಂದು ನಂಬುವುದು ಮನಸ್ಸಿಗೆ ಸುಲಭ. ನಿನ್ನ ತಪ್ಪೇನೂ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಒಪ್ಪದೇ ಇರುವುದು ಇದಕ್ಕೇ. ನೀವು ಅವರ ಕೈಯಿಂದ ಕೀಲಿ ಕಿತ್ತುಕೊಳ್ಳುತ್ತಿದ್ದೀರಿ.

ಆಲೂರು, ಸಕಲೇಶಪುರ, ಬೇಲೂರಿನ ಕಡೆಯವರಿಗೆ ಆನೆಯ ಕಥೆ ಹೊಸದಲ್ಲ. ಕಾಫಿ ತೋಟದ ಕೆಲಸಕ್ಕೆ ಹೊರಟ ಒಬ್ಬ ಕಾರ್ಮಿಕ ಬೆಳಗಿನ ಮಂಜಿನಲ್ಲಿ ಆನೆಗೆ ಸಿಕ್ಕಿದ. ಆನೆಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ರಸ್ತೆ ಬದಿಯ ಫಲಕದಲ್ಲೂ ತೋರಿಸುತ್ತಾರೆ. ಆ ಮನೆಗೂ ಸಂದೇಶ ಬಂದಿತ್ತು. ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿತ್ತು, ಹೆಂಡತಿ ಒಲೆಯ ಮುಂದಿದ್ದಳು, ನೋಡಲಿಲ್ಲ. ನನ್ನ ಬಳಿ ಬಂದಾಗ ಮೊದಲು ತೋರಿಸಿದ್ದೇ ಆ ಸಂದೇಶವನ್ನು. ಪರದೆಯ ಗಾಜು ಬಿರುಕು ಬಿಟ್ಟಿತ್ತು, ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. “ಇದನ್ನು ಓದಿದ್ದರೆ ಕಳಿಸುತ್ತಿರಲಿಲ್ಲ ಮೇಡಂ” ಎಂದಳು. ಎಷ್ಟೋ ತಿಂಗಳಿಂದ ಅದನ್ನೇ ಓದುತ್ತಿದ್ದಳು.

ನಾನು ಸಮಾಧಾನ ಹೇಳಲಿಲ್ಲ. “ಇದರ ಹಿಂದಿನ ಸಂದೇಶ ತೋರಿಸಮ್ಮ” ಎಂದೆ. ತೋರಿಸಿದಳು. ಅದರ ಹಿಂದಿನದು? ಅದೂ ಇತ್ತು. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು, ಮುಗಿಯಲೇ ಇಲ್ಲ. ಆ ಸೀಸನ್ನಿನಲ್ಲಿ ಹೆಚ್ಚುಕಡಿಮೆ ದಿನವೂ ಸಂದೇಶ ಬಂದಿತ್ತು. ಆ ಎಲ್ಲ ದಿನಗಳಲ್ಲೂ ಅವನು ಕೆಲಸಕ್ಕೆ ಹೋಗಿದ್ದ, ಸಂಜೆ ಮನೆಗೆ ಬಂದಿದ್ದ. ಎಷ್ಟೋ ದಿನ ಅವಳೇ ಓದಿ ಹೇಳಿದ್ದಳು, ಅವನು “ಹುಷಾರಾಗಿ ಹೋಗ್ತೀನಿ ಬಿಡು” ಎಂದು ಹೊರಟಿದ್ದ. ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ದಿನಾ ತಡೆಯಬೇಕಿತ್ತಾ?” ಎಂದು ಕೇಳಿದಳು. ಅದಕ್ಕೆ ನಾನು ಉತ್ತರ ಕೊಡಲಿಲ್ಲ, ಕೊಡುವ ಅಗತ್ಯವೂ ಇರಲಿಲ್ಲ. ಅಂದಿನಿಂದ ಚೌಕಾಸಿ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮುಂದಿನ ಸಲ ಬಂದಾಗ ಸಂದೇಶದ ಮಾತು ಅರ್ಧಕ್ಕೆ ಇಳಿದಿತ್ತು; ಉಳಿದ ಅರ್ಧದಲ್ಲಿ ಆತ ಎಷ್ಟು ಸಿಹಿ ಚಹಾ ಕುಡಿಯುತ್ತಿದ್ದ, ಮಗಳ ಜಡೆಯನ್ನು ಹೇಗೆ ಸೊಟ್ಟ ಹೆಣೆಯುತ್ತಿದ್ದ ಎಂಬುದೆಲ್ಲ ಬಂತು. ಸತ್ತ ಬೆಳಿಗ್ಗೆಯ ಹಿಂದೆ ಸಿಕ್ಕಿಕೊಂಡಿದ್ದ ಮನುಷ್ಯ ಸ್ವಲ್ಪ ಹೊರಗೆ ಬಂದಿದ್ದ.

ಅಂದು ಗೊತ್ತಿದ್ದದ್ದು, ಇಂದು ಗೊತ್ತಿರುವುದು ಇವೆರಡನ್ನೂ ಬೇರೆ ಬೇರೆ ಇಡುವುದು ನಾನು ಮಾಡುವ ಕೆಲಸದಲ್ಲಿ ಮುಖ್ಯವಾದದ್ದು. ಮಾತಿನಲ್ಲಿ ಆಗದಿದ್ದರೆ ಕಾಗದದ ಮೇಲೆ ಮಾಡಿಸುತ್ತೇನೆ. ಅಂದು ಬೆಳಿಗ್ಗೆ ಆರು ಗಂಟೆಗೆ ನಿಮಗೆ ಏನೇನು ತಿಳಿದಿತ್ತು, ಬರೆಯಿರಿ. ಎದೆನೋವು ಎಂದರು, ನಿನ್ನೆ ರಾತ್ರಿ ಮದುವೆ ಊಟ ಮಾಡಿದ್ದರು, ಗ್ಯಾಸ್ಟ್ರಿಕ್ ಇರಬೇಕೆಂದು ಅವರೇ ಹೇಳಿದರು. ಇಷ್ಟೇ ತಾನೇ? ಹೃದಯದ ನಾಳ ಕಟ್ಟಿದೆ ಎಂಬುದು ತಿಳಿದದ್ದು ಯಾವಾಗ? ಹನ್ನೊಂದು ಗಂಟೆಗೆ. ಹನ್ನೊಂದರ ತಿಳಿವಳಿಕೆಯಿಂದ ಆರು ಗಂಟೆಯ ಮನುಷ್ಯನನ್ನು ಶಿಕ್ಷಿಸುತ್ತಿದ್ದೀರಿ. ಇದು ಕಾಗದದ ಮೇಲೆ ಬಂದಾಗ ಕೆಲವರಿಗೆ ಅಳು ಬರುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ನಿಜವಾಗಿಯೂ ಏನಾದರೂ ತಪ್ಪಿದ್ದರೆ ಅದೂ ಕಾಗದದ ಮೇಲೆ ಬರುತ್ತದೆ. ಆಗ ಅದನ್ನು ಅಳಿಸಲು ಹೋಗಬಾರದು. ಕೈಯಾರೆ ಆದ ತಪ್ಪನ್ನು ತಪ್ಪೆಂದೇ ಒಪ್ಪಿಕೊಂಡು ಪಶ್ಚಾತ್ತಾಪ ಪಡುವುದಕ್ಕೆ ಒಂದು ಅಂಚು ಇರುತ್ತದೆ. ಕಲ್ಪಿಸಿಕೊಂಡ ತಪ್ಪಿಗೆ ಅಂಚೇ ಇಲ್ಲ.

ಎದೆನೋವಿನ ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದವು. ಸತ್ತವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಆ ಚರ್ಚೆ ನಮಗೆ ಇಲ್ಲಿ ಬೇಡ. ಆ ವಾರಗಳಲ್ಲಿ, ಎರಡು ಮೂರು ವರ್ಷ ಹಿಂದೆ ಗಂಡನನ್ನೋ ಮಗನನ್ನೋ ಹೃದಯಾಘಾತದಲ್ಲಿ ಕಳೆದುಕೊಂಡಿದ್ದ ಮನೆಗಳಲ್ಲಿ ಏನಾಯಿತು ಎಂದು ಯಾರೂ ಬರೆಯಲಿಲ್ಲ. ಟಿವಿ ದಿನವಿಡೀ ಒಂದೇ ಮಾತು ಹೇಳುತ್ತಿತ್ತು: ಈ ಲಕ್ಷಣ ಕಂಡರೆ ತಡಮಾಡಬೇಡಿ. ಸರಿಯಾದ ಮಾತೇ. ಆದರೆ ಆರಿದ್ದ ಗಾಯದವರಿಗೆ ಅದು ಪ್ರತಿ ಅರ್ಧ ಗಂಟೆಗೊಮ್ಮೆ ತೀರ್ಪು ಓದಿದ ಹಾಗೆ ಕೇಳಿಸಿತು.

ಇಷ್ಟು ಹಿಂದಕ್ಕೆ ತಿರುಗಿದ ಚೌಕಾಸಿಯಾಯಿತು. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಶಿಕಾಗೋದ ವೈದ್ಯೆಗೆ ಗೊತ್ತಿರಲು ಸಾಧ್ಯವಿಲ್ಲದ್ದು. ನಮ್ಮ ಮನೆಗಳಲ್ಲಿ ಕಾಯಿಲೆ ಬಿದ್ದ ಮೊದಲ ರಾತ್ರಿಯೇ ಯಾರಾದರೂ ಒಂದು ರೂಪಾಯಿ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಾರೆ. ಗುಣವಾದರೆ ಧರ್ಮಸ್ಥಳಕ್ಕೆ ಬಂದು ಮುಡಿ ಕೊಡುತ್ತೇನೆ, ತುಲಾಭಾರ ಮಾಡಿಸುತ್ತೇನೆ. ಇದು ದೇವರ ಎದುರು ನಿಂತು ಬಾಯಿಬಿಟ್ಟು ಮಾಡಿದ ಒಪ್ಪಂದ. ರೋಗಿ ಉಳಿಯುವುದಿಲ್ಲ. ಸೂತಕ ಕಳೆದ ಮೇಲೆ ದೇವರ ಮನೆ ತೊಳೆಯುವಾಗ ಆ ಗಂಟು ಕೈಗೆ ಸಿಗುತ್ತದೆ. ಏನು ಮಾಡಬೇಕು? ತೀರಿಸಬೇಕೋ, ಬೇಡವೋ? ತೀರಿಸದಿದ್ದರೆ ಉಳಿದ ಮಕ್ಕಳಿಗೆ ಏನಾದರೂ ಆದರೆ? ನನ್ನನ್ನು ಇದನ್ನು ಕೇಳಿದವರು ಒಬ್ಬಿಬ್ಬರಲ್ಲ. ಕೆಲವರು ಕಪಾಟಿನ ಸೀರೆಗಳ ಕೆಳಗೆ ಆ ಗಂಟನ್ನು ಬಚ್ಚಿಟ್ಟಿರುತ್ತಾರೆ. ತೆಗೆಯಲು ಧೈರ್ಯವಿಲ್ಲ, ಬಿಸಾಡಲು ಮನಸ್ಸಿಲ್ಲ.

ನಾನು ಅರ್ಚಕಿಯಲ್ಲ. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಪ್ಪಂದದ ಒಂದು ಕಡೆ ನಡೆಯಲಿಲ್ಲ ಎಂದ ಮೇಲೆ ಇನ್ನೊಂದು ಕಡೆ ಸಾಲ ಉಳಿಯುವುದಿಲ್ಲ. ನಿಮ್ಮ ದೇವರು ಮೀಟರ್ ಬಡ್ಡಿಯವನಲ್ಲ. ಮನಸ್ಸಿಗೆ ಹೋಗಬೇಕೆನ್ನಿಸಿದರೆ ಮನೆಯವರೆಲ್ಲ ಕೂಡಿ ಹೋಗಿ, ಆ ನಾಣ್ಯವನ್ನು ಹುಂಡಿಗೆ ಹಾಕಿ, ಅಲ್ಲೇ ಪ್ರಸಾದ ಊಟ ಮಾಡಿ, ಹೋದವರ ಮಾತು ಆಡಿಕೊಂಡು ಬನ್ನಿ. ಭಯಕ್ಕೆ ಮಾತ್ರ ಹೋಗಬೇಡಿ. ಸಂದೇಹವಿದ್ದರೆ ನೀವು ನಂಬುವ ಅರ್ಚಕರನ್ನೇ ಕೇಳಿ. ನಾನು ಕಂಡ ಅರ್ಚಕರು ಈ ವಿಷಯದಲ್ಲಿ ಜನರಿಗಿಂತ ಉದಾರಿಗಳು.

ಇದರಲ್ಲಿ ಹೆಂಗಸರ ಪಾಲು ಹೆಚ್ಚು ಕಹಿ. ಆಷಾಢದ ಭೀಮನ ಅಮಾವಾಸ್ಯೆಯಂದು ಮದುವೆಯಾದವರು ಒಂಬತ್ತು ವರ್ಷ ವ್ರತ ಮಾಡುತ್ತಾರೆ. ಹೆಣದ ಜೊತೆ ಮದುವೆ ಮಾಡಿಸಿಕೊಂಡ ಹುಡುಗಿ ಹೊಳೆ ದಂಡೆಯ ಮಣ್ಣಿನಲ್ಲೇ ದೀಪ, ಕಡುಬು ಮಾಡಿ ಪೂಜಿಸಿ ಗಂಡನನ್ನು ಬದುಕಿಸಿಕೊಂಡ ಕಥೆ ಅಂದು ಮನೆಮನೆಯಲ್ಲಿ ಓದುತ್ತಾರೆ. ಸಾವಿತ್ರಿಯೂ ಹಾಗೇ ಗೆದ್ದವಳು. ಅವಳ ಎದುರಿಗೆ ಯಮ ನಿಂತಿದ್ದ, ಮಾತಿಗೆ ಮಾತು ಕೊಟ್ಟ, ಒಂದೊಂದೇ ವರ ಕೊಡುತ್ತ ಕೊನೆಗೆ ತಾನೇ ಸಿಕ್ಕಿಬಿದ್ದ. ಕಥೆಗಳು ಚೆನ್ನಾಗಿವೆ. ಆದರೆ ಒಂಬತ್ತು ವರ್ಷ ತಪ್ಪದೆ ದಾರ ಕಟ್ಟಿಕೊಂಡು ಹತ್ತನೆಯ ವರ್ಷ ಗಂಡನನ್ನು ಕಳೆದುಕೊಂಡವಳಿಗೆ ಅವು ಏನು ಹೇಳುತ್ತವೆ? ಆರನೆಯ ವರ್ಷ ಮಗುವಿಗೆ ಜ್ವರ ಬಂದು ಪೂಜೆ ಅರ್ಧಕ್ಕೆ ನಿಂತಿತ್ತು, ಅದಕ್ಕೇ ಹೀಗಾಯಿತು ಎಂದು ಒಬ್ಬಾಕೆ ಎಷ್ಟೋ ದಿನ ನಂಬಿಕೊಂಡಿದ್ದಳು. ಅವಳಿಗೆ ಹಾಗೆ ಅನ್ನಿಸಿದ್ದು ದುಃಖದಿಂದ. ಹನ್ನೊಂದನೆಯ ದಿನ ಬಂದಿದ್ದ ಹಿರಿಯರೊಬ್ಬರು ಅದನ್ನು ಬಾಯಿಬಿಟ್ಟು ಹೇಳಿದ್ದು ಕ್ರೌರ್ಯ. ಆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಆಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ನಮ್ಮ ಪದ್ಧತಿಗಳನ್ನೆಲ್ಲ ನಾನು ತಳ್ಳಿಹಾಕುವವಳಲ್ಲ. ಗೊರೂರಿನ ಹೇಮಾವತಿ ದಂಡೆಯಲ್ಲೋ ರಾಮನಾಥಪುರದ ಕಾವೇರಿ ದಂಡೆಯಲ್ಲೋ ಪಿಂಡ ಇಟ್ಟು ಕಾಗೆಗಾಗಿ ಕಾಯುವುದನ್ನು ನೋಡಿದ್ದೀರಲ್ಲ. ಕಾಗೆ ಮರದ ಮೇಲೆ ಕುಳಿತಿರುತ್ತದೆ, ಇಳಿಯುವುದಿಲ್ಲ. ಬಿಸಿಲು ಏರುತ್ತದೆ. ಆಗ ಒಬ್ಬೊಬ್ಬರೇ ಮುಂದೆ ಬಂದು ಕೈಮುಗಿದು ಹೇಳಲು ಶುರು ಮಾಡುತ್ತಾರೆ. ಅಪ್ಪಾ, ತಂಗಿಯ ಮದುವೆ ನಾನು ಮಾಡುತ್ತೇನೆ, ಬಾ. ಅಣ್ಣಾ, ಆ ಗದ್ದೆ ವಿಷಯದಲ್ಲಿ ನಿನ್ನ ಮೇಲೆ ಕೋಪ ಇಟ್ಟುಕೊಂಡಿದ್ದೆ, ಈಗಿಲ್ಲ, ಬಂದು ಮುಟ್ಟು. ಮಾವಾ, ಅತ್ತೆಯನ್ನು ಕೈಬಿಡುವುದಿಲ್ಲ. ವರ್ಷಗಟ್ಟಲೆ ಆಡದ ಮಾತುಗಳು ಹತ್ತು ಜನರೆದುರು ಹೊರಗೆ ಬರುತ್ತವೆ. ಇದು ಚೌಕಾಸಿಯೇ, ಸಂದೇಹವಿಲ್ಲ. ಆದರೆ ಇಲ್ಲಿ ಅದು ಬಾಯಿಗೆ ಬಂತು, ಸಾಕ್ಷಿಗಳಿದ್ದರು, ಕೊಟ್ಟ ಮಾತುಗಳು ನಾಳೆ ಮಾಡಬಹುದಾದ ಕೆಲಸಗಳಾಗಿದ್ದವು. ಕೊನೆಗೊಮ್ಮೆ ಕಾಗೆ ಇಳಿಯುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಈಗ ಗಡಿಬಿಡಿ ಹೆಚ್ಚಾಗಿ, ಬೇಗ ಮುಗಿಸಿ ಬೆಂಗಳೂರಿನ ಬಸ್ ಹಿಡಿಯಬೇಕೆಂದು ಮೂರು ದಿನಕ್ಕೇ ಎಲ್ಲವನ್ನೂ ಮುಗಿಸುತ್ತಾರೆ. ಮುಗಿಸಲಿ, ಅವರವರ ಅನುಕೂಲ. ಆದರೆ ಆ ಮಾತುಗಳನ್ನು ಆಡುವ ಬೇರೆ ಜಾಗ ಎಲ್ಲಿದೆ ಎಂದು ಕೇಳಿಕೊಳ್ಳಬೇಕು.

ಒಂದು ಜಾಗ ಕಾಗದ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದಾಗ ಹುಂಡಿಯಲ್ಲಿ ಹಣದ ಜೊತೆ ಚೀಟಿಗಳೂ ಬೀಳುತ್ತವೆ. ಎಣಿಕೆಯ ದಿನ ಪತ್ರಿಕೆಗಳು ಅವುಗಳಲ್ಲಿ ತಮಾಷೆಯವನ್ನು ಆರಿಸಿ ಅಚ್ಚು ಹಾಕುತ್ತವೆ, ನಾವೂ ಓದಿ ನಗುತ್ತೇವೆ. ನನಗೆ ಆ ಚೀಟಿಗಳ ಬಗ್ಗೆ ಗೌರವವಿದೆ. ಯಾರಿಗೂ ಹೇಳಲಾಗದ್ದನ್ನು ಒಬ್ಬರು ಅಕ್ಷರಕ್ಕೆ ಇಳಿಸಿ ಒಂದು ವಿಳಾಸಕ್ಕೆ ಹಾಕಿದ್ದಾರೆ. ದುಃಖದಲ್ಲಿರುವವರಿಗೆ ನಾನು ಹೇಳುವುದೂ ಇದನ್ನೇ: ಹೋದವರಿಗೇ ಪತ್ರ ಬರೆಯಿರಿ. ಮಾಡಿದ್ದರೆ, ಹೋಗಿದ್ದರೆ ಎನ್ನುವುದೆಲ್ಲವೂ ಅದರಲ್ಲಿ ಬರಲಿ. ಆಮೇಲೆ, ಮನಸ್ಸು ಗಟ್ಟಿಯಾದಾಗ, ಅವರ ಕೈಯಲ್ಲಿ ಉತ್ತರ ಬರೆಸಿ. ನಿಮ್ಮ ಅಪ್ಪನಿಗೆ ಈ ಪತ್ರ ಸಿಕ್ಕಿದ್ದರೆ ಏನು ಬರೆಯುತ್ತಿದ್ದರು? ಬಹಳಷ್ಟು ಜನ ಇಲ್ಲಿ ಮೊದಲ ಬಾರಿ ನಗುತ್ತಾರೆ, ಏಕೆಂದರೆ ಅಪ್ಪ ಬೈಯುತ್ತಿದ್ದರು. ನಾನು ಸತ್ತದ್ದು ನನ್ನ ಬೀಡಿಯಿಂದ, ನಿನ್ನದೇನು ನಡುವೆ, ಎಂದು.

ಬುದ್ಧನ ಸಾಸಿವೆಯ ಕಥೆಯನ್ನು ಸಾವಿನ ಮನೆಯಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿದೆ. ಎಲ್ಲರಿಗೂ ಸಾವು ಇದೆ, ಸಮಾಧಾನ ಮಾಡಿಕೊ ಎಂಬ ಅರ್ಥದಲ್ಲಿ ಹೇಳುತ್ತಾರೆ. ಕಥೆಯನ್ನು ಸರಿಯಾಗಿ ನೋಡಿದರೆ ಬುದ್ಧ ಹಾಗೆ ಹೇಳಲೇ ಇಲ್ಲ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿ ಔಷಧಿ ಕೇಳಿದಳು, ಬುದ್ಧ ಇಲ್ಲ ಎನ್ನಲಿಲ್ಲ. ಸಾವಿಲ್ಲದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಒಂದು ಷರತ್ತು ಹಾಕಿ ಕಳಿಸಿದ. ಅವಳು ಬಾಗಿಲು ಬಾಗಿಲಿಗೆ ಹೋದಳು, ಪ್ರತಿ ಬಾಗಿಲಲ್ಲೂ ಯಾರೋ ತಮ್ಮ ಮನೆಯ ಸಾವಿನ ಮಾತು ಹೇಳಿದರು. ಚೌಕಾಸಿಯನ್ನು ನಿಲ್ಲಿಸದೆ ಅದಕ್ಕೆ ಊರೊಳಗೆ ನಡೆದಾಡಲು ಬಿಟ್ಟದ್ದೇ ಅಲ್ಲಿನ ಜಾಣತನ. ಅವಳು ಹಿಂತಿರುಗಿ ಬಂದದ್ದು ತಾನೇ ತಿಳಿದುಕೊಂಡು. ನಾವು ಅವಳ ನಡಿಗೆಯನ್ನು ಬಿಟ್ಟು ನೀತಿಯನ್ನು ಮಾತ್ರ ಕೊಡಲು ಹೋಗುತ್ತೇವೆ, ಅದಕ್ಕೇ ಅದು ಯಾರಿಗೂ ನಾಟುವುದಿಲ್ಲ.

ಮುಂದಕ್ಕೆ ತಿರುಗಿದ ಚೌಕಾಸಿ ಉಳಿದವರಲ್ಲೂ ಇದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಇನ್ನು ಸಿಹಿ ಮುಟ್ಟುವುದಿಲ್ಲ, ಯಾರ ಮದುವೆಗೂ ಹೋಗುವುದಿಲ್ಲ, ಚಾಪೆಯ ಮೇಲೆಯೇ ಮಲಗುತ್ತೇನೆ, ಅದರ ಬದಲು ಉಳಿದ ಮಗ ಚೆನ್ನಾಗಿರಲಿ. ಒಂದು ವರ್ಷ ಹಬ್ಬ ಮಾಡದಿರುವುದು ಬೇರೆ. ತನ್ನನ್ನು ದಂಡಿಸಿಕೊಂಡು ವಿಧಿಗೆ ಕಪ್ಪ ಕಟ್ಟುವುದು ಬೇರೆ. ಎರಡನೆಯದರಲ್ಲಿ ಉಳಿದ ಮಗನೇ ಹೆಚ್ಚು ತೆರುತ್ತಾನೆ. ತಾಯಿ ಉಪವಾಸ ಇರುವ ಮನೆಯಲ್ಲಿ ಅವನಿಗೆ ಹೋಳಿಗೆ ಹೇಗೆ ಇಳಿಯಬೇಕು?

ಎಷ್ಟು ದಿನ ಇದು ಸಹಜ, ಯಾವಾಗ ಸಹಾಯ ಬೇಕು ಎಂದು ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ದುಃಖದ ತೊಂದರೆ ಎಂಬುದು ಸೇರಿದೆ. ಕನಿಷ್ಠ ಆರು ತಿಂಗಳು ದಾಟಿರಬೇಕು ಎನ್ನುತ್ತದೆ. ಅದೇ ವರ್ಷ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಎನ್ನುತ್ತದೆ. ನಮ್ಮ ವರ್ಷಾಬ್ದಿಕದ ಲೆಕ್ಕಕ್ಕೆ ಅದು ಹತ್ತಿರವಿದೆ. ಕ್ಯಾಲೆಂಡರ್ ಒಂದೇ ಸಾಲದು. ಕೆಲಸ, ಊಟ, ಮಕ್ಕಳು ಎಲ್ಲವೂ ನಿಂತುಹೋಗಿ ದಿನವಿಡೀ ಒಂದೇ ಗಳಿಗೆಯನ್ನು ತಿರುಗಿಸುತ್ತಿದ್ದರೆ ಸಹಾಯ ಬೇಕು. ನನ್ನ ಜೀವ ತೆಗೆದುಕೊಂಡು ಅವನನ್ನು ಬಿಡು ಎಂಬ ಚೌಕಾಸಿ, ನಾನೂ ಅವನ ಹಿಂದೆ ಹೋಗುತ್ತೇನೆ ಎಂಬಲ್ಲಿಗೆ ತಿರುಗಿದರೆ ಅಂದೇ ಸಹಾಯ ಬೇಕು. ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವೂ ಇದೆ. ಆ ಕಡೆಗೆ ಹೋದರೆ ಯಾರಾದರೂ ನೋಡುತ್ತಾರೆ ಎಂಬ ಸಂಕೋಚ ಬೇಡ. ನೋಡುವವರೂ ಅಲ್ಲಿಗೇ ಬಂದಿರುತ್ತಾರೆ.

ಪ್ರಶ್ನೋತ್ತರದಿಂದ:

ಸಾವಿನ ಮನೆಗೆ ಹೋದಾಗ ಏನು ಹೇಳಬೇಕು ಎಂದು ಹಿರಿಯರೊಬ್ಬರು ಕೇಳಿದರು. ಏನು ಹೇಳಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು ಎಂದೆ. ಅಯ್ಯೋ, ಮಣಿಪಾಲಕ್ಕೆ ಕರೆದುಕೊಂಡು ಹೋಗಬಾರದಿತ್ತೇ ಎನ್ನಬೇಡಿ. ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು, ಸಕಾಲಕ್ಕೆ ಹೋದದ್ದಕ್ಕೆ ಉಳಿದರು ಎಂದಂತೂ ಹೇಳಲೇಬೇಡಿ. ನೀವು ಕಾಫಿ ಕುಡಿದು ಮನೆಗೆ ಹೋಗುತ್ತೀರಿ, ಆ ಮಾತು ಅಲ್ಲೇ ಉಳಿದುಕೊಳ್ಳುತ್ತದೆ. ಅವರೇ, ಹಾಗೆ ಮಾಡಿದ್ದರೆ ಎಂದು ಶುರು ಮಾಡಿದರೆ ತಡೆಯಬೇಡಿ, ತಿದ್ದಬೇಡಿ, ಪೂರ್ತಿ ಹೇಳಲು ಬಿಡಿ. ಹೇಳಿ ಮುಗಿದ ಮೇಲೆ, ಅಂದು ನಿಮ್ಮ ಜೊತೆ ಇನ್ನು ಯಾರಿದ್ದರು ಎಂದು ಕೇಳಿ. ಆ ಬೆಳಿಗ್ಗೆಯಲ್ಲಿ ತಾವೊಬ್ಬರೇ ಇರಲಿಲ್ಲ ಎಂಬುದು ಅವರಿಗೇ ನೆನಪಾಗುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಶಾಲಾ ಶಿಕ್ಷಕಿಯದ್ದು. ನಾಲ್ಕನೆಯ ತರಗತಿಯ ಹುಡುಗನೊಬ್ಬ ತಂದೆ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ಬಹಳ ಒಳ್ಳೆಯವನಾಗಿಬಿಟ್ಟಿದ್ದಾನೆ. ಗಲಾಟೆ ಇಲ್ಲ, ಅಕ್ಷರ ಮುತ್ತಿನಂತೆ, ಎಲ್ಲರ ಚಪ್ಪಲಿಯನ್ನು ತರಗತಿಯ ಹೊರಗೆ ತಾನೇ ಜೋಡಿಸಿ ಇಡುತ್ತಾನೆ. ಮನೆಯವರು ಹುಡುಗನಿಗೆ ಜವಾಬ್ದಾರಿ ಬಂತು ಎಂದು ಹೊಗಳುತ್ತಿದ್ದಾರೆ. ಇದು ಒಳ್ಳೆಯದೇ ತಾನೇ ಎಂದು ಅವರು ಕೇಳಿದರು, ಕೇಳಿದ ದನಿಯಲ್ಲೇ ಅನುಮಾನವಿತ್ತು.

ನಾನು ಹೇಳಿದ್ದು: ಆ ವಯಸ್ಸಿನ ಮಕ್ಕಳೂ ಚೌಕಾಸಿ ಮಾಡುತ್ತಾರೆ, ಬಾಯಿಬಿಡುವುದಿಲ್ಲ. ಅಂದು ಅಪ್ಪನ ಮೇಲೆ ಕೂಗಾಡಿದ್ದೆ, ಅದಕ್ಕೇ ಹೋದರು ಎಂದು ಒಳಗೆ ಕುಳಿತಿರಬಹುದು. ಒಳ್ಳೆಯವನಾದರೆ ವಾಪಸು ಬರುತ್ತಾರೆ ಎಂದೋ, ಅಮ್ಮನಾದರೂ ಉಳಿಯುತ್ತಾಳೆ ಎಂದೋ ಇರಬಹುದು. ದೇವರು ಕರೆದುಕೊಂಡ, ನಿದ್ದೆ ಹೋದರು ಎಂಬ ಮಾತುಗಳು ಅವನಿಗೆ ಬೇಡ. ಅಪ್ಪನಿಗೆ ಯಾವ ಕಾಯಿಲೆಯಾಗಿತ್ತು, ದೇಹದಲ್ಲಿ ಏನು ನಿಂತುಹೋಯಿತು ಎಂಬುದನ್ನು ಅವನ ತಾಯಿ ನೇರ ಮಾತಿನಲ್ಲಿ ಹೇಳಲಿ. ಮಕ್ಕಳು ಕೂಗಾಡುವುದರಿಂದ ಯಾರೂ ಸಾಯುವುದಿಲ್ಲ ಎಂಬುದನ್ನು ಅವನು ಕೇಳದಿದ್ದರೂ ಹೇಳಲಿ, ಒಂದು ಸಲಕ್ಕೆ ಸಾಲದು. ಜವಾಬ್ದಾರಿಯ ಹೊಗಳಿಕೆಯನ್ನು ಮನೆಯವರು ಸ್ವಲ್ಪ ಕಡಿಮೆ ಮಾಡಲಿ. ನೀವು ಅವನನ್ನು ಆಟಕ್ಕೆ ಅಟ್ಟಿ, ಚಪ್ಪಲಿ ಜೋಡಿಸುವುದನ್ನು ಸರದಿಯ ಕೆಲಸ ಮಾಡಿ. ಅವನು ಹೋಂವರ್ಕ್ ಮಾಡದೆ ಬಂದ ದಿನ ಬೈಯಿರಿ, ಉಳಿದ ಮಕ್ಕಳಿಗೆ ಬೈಯುವಷ್ಟೇ.